ರಟ್ಟಾದ ಸಾಹಿತ್ಯ

ದೇಶ ದಿವಾಳಿಯೆದ್ದ ಹೊತ್ತಿನಲ್ಲಿ ಮೂವರು ಕಲಾವಿದರು ಬೀದಿಯ ರಟ್ಟು ಕೊಂಡರು, ಬಣ್ಣ ಬಳಿದರು, ಪುಸ್ತಕ ಮಾಡಿ ಮಾರಿದರು. ಅರ್ಜೆಂಟೀನಾದ ಆ ಪುಟ್ಟ ಪ್ರಕಾಶನದ ದಾರಿಯನ್ನು ಇವತ್ತು ಇಡೀ ಲ್ಯಾಟಿನ್ ಅಮೆರಿಕ ತುಳಿಯುತ್ತಿದೆ. ವಿಶೇಷವೆಂದರೆ, ಅಲ್ಲಿ ಒಂದೇ ಪುಸ್ತಕದ ಎರಡು ಪ್ರತಿಗಳು ಇಂದಿಗೂ ಒಂದರಂತೆ ಒಂದಿರುವುದಿಲ್ಲ!

ಆ ರೈಲಿನ ಬೋಗಿಗಳಲ್ಲಿ ಒಂದೂ ಸೀಟು ಇರಲಿಲ್ಲ. ಎಲ್ಲವನ್ನೂ ಕಿತ್ತು ಹಾಕಿದ್ದರು. ಹತ್ತುವವರ ಜತೆ ಅವರ ಕೈಗಾಡಿಗಳೂ ಹತ್ತಬೇಕಿತ್ತಲ್ಲ!

ಹೊಸೆ ಲಿಯೋನ್ ಸುವಾರೆಸ್ ಎಂಬ ಹೊರವಲಯದ ನಿಲ್ದಾಣದಿಂದ ಸಂಜೆ ಹೊರಟು ಬ್ಯೂನಸ್ ಐರಿಸ್ ನಗರದೊಳಕ್ಕೆ ಬರುತ್ತಿದ್ದ ಈ ಗಾಡಿಗೆ ಜನ ಇಟ್ಟ ಹೆಸರು ‘ಬಿಳಿ ರೈಲು’. ಇಳಿದವರು ಕತ್ತಲಲ್ಲಿ ಚದುರಿ ಹೋಗುತ್ತಿದ್ದರು. ಅಂಗಡಿಗಳ ಮುಂದೆ, ಅಪಾರ್ಟ್‌ಮೆಂಟುಗಳ ಕೆಳಗೆ, ಕಸದ ಚೀಲ ಬಿಚ್ಚಿ ರಟ್ಟು, ಕಾಗದ, ಬಾಟಲಿ ಆಯುವುದು ಅವರ ಕೆಲಸ. ರಾತ್ರಿ ಮುಗಿಯುವ ಹೊತ್ತಿಗೆ ಕೈಗಾಡಿ ಆಳೆತ್ತರಕ್ಕೆ ತುಂಬಿರುತ್ತಿತ್ತು. ರಟ್ಟಿಗೆ ಸ್ಪ್ಯಾನಿಷ್‌ನಲ್ಲಿ ‘ಕಾರ್ತೋನ್’ ಎನ್ನುತ್ತಾರೆ. ಹಾಗಾಗಿ ಇವರು ‘ಕಾರ್ತೊನೇರೊ’ಗಳು.

ಅವರ ಗಾಡಿ ಕೊರಿಯೆಂತೆಸ್ ಬೀದಿಯಲ್ಲೂ ಹಾದು ಹೋಗುತ್ತಿತ್ತು. ಅದು ಪುಸ್ತಕದಂಗಡಿಗಳ ಬೀದಿ. ನಾಟಕ ಬಿಟ್ಟ ಮೇಲೂ ದೀಪವಾರದ ಅಂಗಡಿಗಳು, ಹಳೆ ಪುಸ್ತಕದ ರಾಶಿಗಳು. 2002ರಲ್ಲಿ ಅಲ್ಲಿ ಪುಸ್ತಕ ನೋಡುವವರು ಇದ್ದರು, ಕೊಳ್ಳುವವರು ಕಡಿಮೆಯಾಗಿದ್ದರು. ಅಂಗಡಿಯೊಳಗೆ ಪುಸ್ತಕ ಕೊಳ್ಳಲಾರದ ಓದುಗ, ಅಂಗಡಿಯ ಹೊರಗೆ ಪುಸ್ತಕ ಬಂದ ಪೆಟ್ಟಿಗೆಯನ್ನು ಮಡಚಿ ಗಾಡಿಗೆ ಹಾಕಿಕೊಳ್ಳುತ್ತಿದ್ದ ಬಡವ. ಇವರಿಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸಿದರೆ ಏನಾದೀತು? ಮುಂದಿನ ವರ್ಷ ಮೂವರು ಅದನ್ನೇ ಮಾಡಿದರು.

ನಮ್ಮ ಮನೆಗಳಲ್ಲೂ ಈಗ ರಟ್ಟಿನದೇ ರಾಜ್ಯ. ಆನ್‌ಲೈನ್‌ನಲ್ಲಿ ಮಿಕ್ಸಿ ತರಿಸಿದರೂ ರಟ್ಟು, ಕಾದಂಬರಿ ತರಿಸಿದರೂ ರಟ್ಟು. ಕಾದಂಬರಿ ಕಪಾಟಿಗೆ ಹೋದರೆ ಪೆಟ್ಟಿಗೆ ಗುಜರಿಗೆ ಹೋಗುತ್ತದೆ. ಬ್ಯೂನಸ್ ಐರಿಸ್‌ನಲ್ಲಿ ಆ ಪೆಟ್ಟಿಗೆ ಗುಜರಿಯವನ ಗಾಡಿಯಿಂದ ಮತ್ತೆ ಕಪಾಟಿಗೇ ವಾಪಸು ಬಂದ ಕಥೆ ಇದು.

ಬ್ಯಾಂಕಿಗೆ ಬೀಗ, ರಾಷ್ಟ್ರಪತಿಗೆ ಹೆಲಿಕಾಪ್ಟರ್

1991ರಿಂದ ಅರ್ಜೆಂಟೀನಾದಲ್ಲಿ ಕಾನೂನಿನ ಪ್ರಕಾರವೇ ಒಂದು ಪೆಸೊಗೆ ಒಂದು ಡಾಲರ್. ಹತ್ತು ವರ್ಷ ಆ ಭ್ರಮೆ ನಡೆಯಿತು. 2001ರ ಡಿಸೆಂಬರ್ ಮೊದಲ ವಾರ ಸರ್ಕಾರ ಬ್ಯಾಂಕ್ ಖಾತೆಗಳಿಗೆ ಕಡಿವಾಣ ಹಾಕಿತು. ತಮ್ಮದೇ ದುಡ್ಡಿನಲ್ಲಿ ವಾರಕ್ಕೆ 250 ಪೆಸೊ ಮಾತ್ರ ಕೈಗೆ ಸಿಗುತ್ತಿತ್ತು. ಮಧ್ಯಮ ವರ್ಗದವರು ಪಾತ್ರೆ, ಸೌಟು ಹಿಡಿದು ಬೀದಿಗಿಳಿದು ಬಡಿಯತೊಡಗಿದರು. ಡಿಸೆಂಬರ್ 20ರಂದು ರಾಷ್ಟ್ರಪತಿ ಫೆರ್ನಾಂದೊ ದೆ ಲಾ ರೂವಾ ರಾಜೀನಾಮೆ ಕೊಟ್ಟು ಅರಮನೆಯ ತಾರಸಿಯಿಂದ ಹೆಲಿಕಾಪ್ಟರ್ ಹತ್ತಿ ಹೋದರು. ಎರಡೇ ವಾರದಲ್ಲಿ ಆ ಕುರ್ಚಿ ಐವರನ್ನು ಕಂಡಿತು.

ಜನವರಿಯಲ್ಲಿ ಪೆಸೊ ಬಿತ್ತು. ವರ್ಷದ ನಡುವೆ ಡಾಲರಿಗೆ ನಾಲ್ಕು ಪೆಸೊದ ಹತ್ತಿರ ಹೋಯಿತು. ದೇಶದ ಅರ್ಧಕ್ಕಿಂತ ಹೆಚ್ಚು ಜನ ಬಡತನದ ರೇಖೆಯ ಕೆಳಗೆ. ಕಾರ್ಖಾನೆ ಕೆಲಸ ಕಳೆದುಕೊಂಡವರು, ಗಾರೆ ಕೆಲಸದವರು, ಮನೆಗೆಲಸದವರು ಕೈಗಾಡಿ ಹಿಡಿದರು. ವಿಚಿತ್ರವೆಂದರೆ ಕಸ ಆಯುವುದು ಆಗಿನ್ನೂ ಅಪರಾಧ! 1977ರ ಸೇನಾಡಳಿತದ ಕಾಲದ ನಿಯಮ ಅದು. ನಗರಸಭೆ ಅದನ್ನು ತೆಗೆದು ಕಾರ್ತೊನೇರೊಗಳ ಕೆಲಸವನ್ನು ಮಾನ್ಯ ಮಾಡಿದ್ದು 2002ರ ಕೊನೆಗೆ.

ಪುಸ್ತಕೋದ್ಯಮದ ಸ್ಥಿತಿ ಇನ್ನೊಂದು ಬಗೆಯದು. ಬೋರ್ಹೆಸ್, ಕೊರ್ತಾಸಾರ್‌ರಂಥವರನ್ನು ಲೋಕಕ್ಕೆ ಕೊಟ್ಟ ದೇಶದ ದೊಡ್ಡ ಪ್ರಕಾಶನಗಳು ಅಷ್ಟರಲ್ಲಾಗಲೇ ಪರದೇಶದ ಕಂಪನಿಗಳ ಪಾಲಾಗಿದ್ದವು. ಸುದಮೇರಿಕಾನಾ 1998ರಲ್ಲಿ ಜರ್ಮನಿಯ ಬರ್ಟೆಲ್ಸ್‌ಮನ್‌ಗೆ, ಎಮೆಸೆ 2000ದಲ್ಲಿ ಸ್ಪೇನಿನ ಪ್ಲನೇಟಾಗೆ. ಪೆಸೊ ಬಿದ್ದಾಗ ಕಾಗದದ ಬೆಲೆ ಏರಿತು, ಆಮದು ಪುಸ್ತಕ ಕೈಗೆಟುಕದಂತಾಯಿತು. ಹೊಸ ಕವಿಯೊಬ್ಬನ 60 ಪುಟದ ಸಂಕಲನಕ್ಕೆ ಕೈ ಹಾಕಲು ಯಾರಿಗೂ ಧೈರ್ಯವಿರಲಿಲ್ಲ.

ಕವಿ, ಕಲಾವಿದ, ಇನ್ನೊಬ್ಬ ಕಲಾವಿದೆ

ವಾಷಿಂಗ್ಟನ್ ಕುಕುರ್ತೊ ಹೆಸರು ಕೇಳಿದರೆ ಅಮೆರಿಕದ ಯಾವನೋ ಅನ್ನಿಸಬೇಕು. ಅಸಲಿಗೆ ಅದು ಕಾವ್ಯನಾಮ. ಹುಟ್ಟು ಹೆಸರು ಸಾಂತಿಯಾಗೊ ವೇಗಾ, ಊರು ರಾಜಧಾನಿಯ ಪಕ್ಕದ ಕೀಲ್ಮೆಸ್, ಹುಟ್ಟಿದ್ದು 1973. ಸೂಪರ್‌ಮಾರ್ಕೆಟಿನಲ್ಲಿ ಕಪಾಟಿಗೆ ಸಾಮಾನು ಜೋಡಿಸುವ ಕೆಲಸ ಮಾಡುತ್ತಲೇ ಕವಿತೆ ಬರೆದ ಮನುಷ್ಯ. ಪೆಟ್ಟಿಗೆ ಒಡೆದು ರಟ್ಟು ಮೂಲೆಗೆ ಎಸೆಯುವುದೂ ಅದೇ ಕೆಲಸದ ಪಾಲು ತಾನೇ! ಮುಂದೆ ಬದುಕಿನಲ್ಲಿ ಏನಾಗಲಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ತರಬೇತಿ ಸಿಕ್ಕಿರಲಾರದು.

ಎರಡನೆಯವರು ಚಿತ್ರಕಲಾವಿದ ಹಾವಿಯೆರ್ ಬರಿಲಾರೊ. ಮೂರನೆಯವರು ಫೆರ್ನಾಂದಾ ಲಗೂನಾ. ಇವರು ಕವಿಯೂ ಹೌದು, ಚಿತ್ರಕಾರ್ತಿಯೂ ಹೌದು. 1999ರಲ್ಲಿ ಗೆಳತಿ ಸೆಸಿಲಿಯಾ ಪವೋನ್ ಜತೆ ಆಲ್ಮಾಗ್ರೊ ಬಡಾವಣೆಯಲ್ಲಿ ‘ಬೆಯೆಸಾ ಇ ಫೆಲಿಸಿದಾದ್’ ಎಂಬ ಜಾಗ ತೆರೆದಿದ್ದರು. ‘ಸೌಂದರ್ಯ ಮತ್ತು ಸಂತೋಷ’ ಎಂದು ಅದರ ಅರ್ಥ. ಒಂದು ಕಡೆ ಕಲಾ ಗ್ಯಾಲರಿ, ಇನ್ನೊಂದು ಕಡೆ ಅಗ್ಗದ ಆಟಿಕೆ, ಮತ್ತೊಂದು ಕಡೆ ಜೆರಾಕ್ಸ್ ಮಾಡಿ ಪಿನ್ನು ಹೊಡೆದ ಕವಿತೆಯ ಕಿರುಹೊತ್ತಗೆಗಳು. ಈ ಹೊತ್ತಗೆಗಳ ಹುಕಿ ಅವರಿಗೆ ಹತ್ತಿದ್ದು ಬ್ರೆಜಿಲ್‌ನ ಬಾಯಿಯಾ ಪ್ರವಾಸದಲ್ಲಿ. ಅಲ್ಲಿನ ಸಂತೆಗಳಲ್ಲಿ ಹಗ್ಗಕ್ಕೆ ನೇತುಹಾಕಿ ಮಾರುವ ಪದ್ಯದ ಪುಸ್ತಿಕೆಗಳನ್ನು ಕಂಡು ಬಂದಿದ್ದರು.

2003ರಲ್ಲಿ ಮೂವರೂ ಸೇರಿ ಶುರು ಮಾಡಿದ್ದೇ ‘ಎಲೋಯಿಸಾ ಕಾರ್ತೊನೇರಾ’. ಎಲೋಯಿಸಾ ಯಾರು? ಬರಿಲಾರೊ ಮನಸೋತಿದ್ದ ಬೊಲಿವಿಯಾ ಮೂಲದ ಚೆಲುವೆ ಎಂಬ ಕಥೆ ಪ್ರಚಲಿತ. ಪ್ರೇಮ ಏನಾಯಿತೋ, ಹೆಸರಂತೂ ಉಳಿಯಿತು.

ಮೊದಲ ಕಾರ್ಯಾಗಾರದಲ್ಲಿ ಪುಸ್ತಕದ ಪಕ್ಕದಲ್ಲೇ ತರಕಾರಿಯನ್ನೂ ಮಾರಿದ್ದುಂಟು. ಕಾರ್ತೊನೇರೊಗಳು ಗಾಡಿಯಿಂದ ಒಳ್ಳೆಯ ರಟ್ಟು ಆರಿಸಿ ಅಲ್ಲಿಗೆ ತಂದು ಕೊಡುತ್ತಿದ್ದರು. ಗುಜರಿಯಲ್ಲಿ ಕಿಲೊಗೆ 30 ಸೆಂತಾವೊ ಸಿಗುತ್ತಿದ್ದ ಕಾಲದಲ್ಲಿ ಇವರು ಕೊಟ್ಟದ್ದು ಒಂದೂವರೆ ಪೆಸೊ, ಅಂದರೆ ಐದು ಪಟ್ಟು. ರಟ್ಟು ಆಯುವ ಮನೆಗಳ ಹುಡುಗ ಹುಡುಗಿಯರೇ ಮೇಜಿನ ಸುತ್ತ ಕೂತು ಕತ್ತರಿಸಿದರು, ಅಂಟಿಸಿದರು, ಬಣ್ಣ ಬಳಿದರು. ಅದಕ್ಕೆ ಕೂಲಿ ಬೇರೆ.

ಉದ್ದಗೆರೆ, ಅಡ್ಡಗೆರೆ

ಪೆಟ್ಟಿಗೆಯ ರಟ್ಟನ್ನು ಒಮ್ಮೆ ಅಡ್ಡಕ್ಕೆ ಸೀಳಿ ನೋಡಿ. ಎರಡು ದಪ್ಪ ಕಾಗದಗಳ ನಡುವೆ ಅಲೆಯಲೆಯಾದ ಇನ್ನೊಂದು ಕಾಗದ ಇರುತ್ತದೆ. ಆ ಅಲೆಯ ಗೆರೆ ಹೋದ ದಿಕ್ಕಿನಲ್ಲೇ ಮಡಚಿದರೆ ರಟ್ಟು ಹೇಳಿದಂತೆ ಕೇಳುತ್ತದೆ. ಅಡ್ಡಕ್ಕೆ ಮಡಚಿದರೆ ಮುರಿದು, ಸಿಬಿರೆದ್ದು, ಸೇಡು ತೀರಿಸಿಕೊಳ್ಳುತ್ತದೆ. ಹಾಗಾಗಿ ಪುಸ್ತಕದ ಬೆನ್ನು ಯಾವಾಗಲೂ ಗೆರೆಯ ಜತೆಗೇ ಸಾಗಬೇಕು. ಕಾರ್ತೊನೇರಾದಲ್ಲಿ ಹೊಸಬರು ಕಲಿಯುವ ಮೊದಲ ಪಾಠ ಇದು. ಎಷ್ಟೋ ರಟ್ಟು ಹಾಳಾದ ಮೇಲೆ ಬೆರಳಿಗೆ ತಾನಾಗಿ ತಿಳಿಯುತ್ತದೆ.

ಒಳಪುಟಗಳದು ಸರಳ ವಿಷಯ. ಹಾಳೆಯನ್ನು ನಡುವೆ ಮಡಚಿದ ಅಳತೆಯಲ್ಲಿ ಪಠ್ಯ. ಮೊದಮೊದಲು ಜೆರಾಕ್ಸ್, ಆಮೇಲೆ ಹಳೆಯದೊಂದು ಸಣ್ಣ ಆಫ್‌ಸೆಟ್ ಯಂತ್ರ. ಪಿನ್ನೋ ದಾರವೋ ಹಾಕಿ ರಟ್ಟಿಗೆ ಅಂಟಿಸುವುದು. ಶೀರ್ಷಿಕೆಯ ಅಕ್ಷರಗಳನ್ನು ಕೊರೆದ ತಗಡಿನಂಥ ಅಚ್ಚಿಟ್ಟು, ಶಾಲೆಯ ಮಕ್ಕಳ ಟೆಂಪೆರಾ ಬಣ್ಣದಲ್ಲಿ ತುಂಬುವುದು.

ಕಲೆ ಇರುವುದು ಆ ಕೊನೆಯ ಹಂತದಲ್ಲಿ. ಅಚ್ಚು ಒಂದೇ, ಕೈ ಬೇರೆ ಬೇರೆ. ಒಬ್ಬಳು ನೀಲಿಯ ಮೇಲೆ ಕಿತ್ತಳೆ ಬಳಿದರೆ ಪಕ್ಕದವನು ಗುಲಾಬಿ ಹಚ್ಚುತ್ತಾನೆ. ಬಣ್ಣ ಅಚ್ಚಿನ ಅಂಚು ದಾಟಿ ಹರಡಿದರೆ ಹರಡಲಿ. ಬೆಳಗಿನ ಪ್ರತಿಯಲ್ಲಿ ನೆಟ್ಟಗಿದ್ದ ಅಕ್ಷರ ಊಟವಾದ ಮೇಲಿನ ಪ್ರತಿಯಲ್ಲಿ ತುಸು ವಾಲಿರಬಹುದು. ಮುದ್ರಣೋದ್ಯಮ ಐನೂರು ವರ್ಷಗಳಿಂದ ಸಾಧಿಸಿಕೊಂಡು ಬಂದದ್ದು ಏಕರೂಪವನ್ನು. ಇಲ್ಲಿ ಕೊಳ್ಳುವವನು ಒಂದೇ ಪುಸ್ತಕದ ಇಪ್ಪತ್ತು ಪ್ರತಿಗಳನ್ನು ಹರಡಿಕೊಂಡು, ಮಾವಿನಹಣ್ಣು ಆರಿಸಿದಂತೆ ಆರಿಸಬೇಕು.

ಯಾವುದೇ ಕನ್ನಡ ಪುಸ್ತಕದ ಒಳಪುಟ ತಿರುವಿ. ಲೇಖಕ, ಪ್ರಕಾಶಕ, ಮುಖಪುಟ ಕಲಾವಿದ, ಅಕ್ಷರ ಜೋಡಣೆ, ಮುದ್ರಕ ಎಲ್ಲರ ಹೆಸರೂ ಇರುತ್ತದೆ. ಮೈದಾ ಅಂಟಿಗೆ ಮೈಲುತುತ್ತ ಬೆರೆಸಿ, ದಬ್ಬಣದಲ್ಲಿ ತೂತು ಹೊಡೆದು, ಫಾರಂ ಹೊಲಿದು, ಬೆನ್ನು ಕೂರಿಸಿದ ಬೈಂಡರ್ ಹೆಸರು ಹುಡುಕಿದರೂ ಸಿಗದು. ಪುಸ್ತಕವನ್ನು ಕಟ್ಟಿದ ಕೈ ಕಾಣದಂತೆ ಮಾಡುವುದೇ ಒಳ್ಳೆಯ ಬೈಂಡಿಂಗ್ ಎಂದು ನಂಬಿದ್ದೇವೆ. ಎಲೋಯಿಸಾದವರು ಆ ಕೈಯನ್ನು ತಂದು ಮುಖಪುಟದ ಮೇಲೇ ಇಟ್ಟರು. ಗುಟ್ಟು ಬಯಲಾದರೆ ನಾವು ‘ರಟ್ಟಾಯಿತು’ ಎನ್ನುತ್ತೇವೆ. ಈ ಪುಸ್ತಕಗಳಿಗೆ ಆ ಮಾತು ಎರಡು ಅರ್ಥದಲ್ಲೂ ಸಲ್ಲುತ್ತದೆ.

[ಬಾಕ್ಸ್] ಹಗ್ಗಕ್ಕೆ ನೇತ ಕಾವ್ಯ

ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ‘ಕೊರ್ದೆಲ್’ ಎಂದರೆ ಹಗ್ಗ. ಲಗೂನಾ ಬಾಯಿಯಾದಲ್ಲಿ ಕಂಡ ಪುಸ್ತಿಕೆಗಳ ಹೆಸರೂ ಅದೇ. ಕೆಲವೇ ಪುಟದ ಪದ್ಯಕಥೆ, ಮೇಲೆ ಮರದಚ್ಚಿನ ಕಪ್ಪು ಚಿತ್ರ. ಬರಗಾಲ, ದರೋಡೆಕೋರ, ಸಂತ, ಚುನಾವಣೆ, ಯಾವುದೂ ವಸ್ತುವಾಗಬಹುದು. ಕವಿ ಸಂತೆಯಲ್ಲಿ ಪುಸ್ತಿಕೆಗಳನ್ನು ಹಗ್ಗದ ಮೇಲೆ ಹರಡಿ, ತಾನೇ ರಾಗವಾಗಿ ಹಾಡಿ, ಕಥೆ ಕುತೂಹಲದ ಘಟ್ಟಕ್ಕೆ ಬಂದಾಗ ನಿಲ್ಲಿಸುತ್ತಾನೆ. ಮುಂದಿನದು ಬೇಕೆಂದರೆ ಪುಸ್ತಿಕೆ ಕೊಳ್ಳಬೇಕು! 2018ರಲ್ಲಿ ಬ್ರೆಜಿಲ್ ಇದನ್ನು ರಾಷ್ಟ್ರದ ಸಾಂಸ್ಕೃತಿಕ ಪರಂಪರೆ ಎಂದು ಘೋಷಿಸಿತು.

ದೊಡ್ಡ ಹೆಸರು, ಸಣ್ಣ ಪುಸ್ತಕ

ಅಂದವಾದ ರಟ್ಟಿಗಷ್ಟೇ ಜನ ದುಡ್ಡು ಕೊಡುವುದಿಲ್ಲ. ಒಳಗೆ ಓದುವಂಥದ್ದಿರಬೇಕು. ಎಲೋಯಿಸಾದವರ ನಿಜವಾದ ಜಾಣತನ ಕಾಣುವುದು ಇಲ್ಲಿ. ಅವರು ಸೀದಾ ದೊಡ್ಡ ಲೇಖಕರ ಬಾಗಿಲು ತಟ್ಟಿ, ಒಂದು ಕಥೆ ಕೊಡಿ, ಸಂಭಾವನೆ ಕೇಳಬೇಡಿ ಎಂದರು. ಅರ್ಜೆಂಟೀನಾದ ಮಹತ್ವದ ಗದ್ಯಕಾರ ರಿಕಾರ್ಡೊ ಪಿಗ್ಲಿಯಾ ಕೊಟ್ಟರು. ನೂರಕ್ಕೂ ಹೆಚ್ಚು ಕಿರುಕಾದಂಬರಿ ಬರೆದ, ಹೊಸ ಹಸ್ತಪ್ರತಿಯನ್ನು ಎಲ್ಲಿಯೋ ಮೂಲೆಯ ಸಣ್ಣ ಪ್ರಕಾಶಕನಿಗೆ ಕೊಡುವುದರಲ್ಲೇ ಖುಷಿಪಡುವ ಸೆಸಾರ್ ಐರಾ ಕೊಟ್ಟರು. ಮೆಕ್ಸಿಕೊ, ಪೆರು, ಚಿಲಿಯ ಲೇಖಕರೂ ಜತೆಯಾದರು. ಲೇಖಕರು ಅನುಮತಿ ಕೊಟ್ಟದ್ದಕ್ಕೆ ಒಳಪುಟದಲ್ಲಿ ಕೃತಜ್ಞತೆಯ ಸಾಲು.

ಅವರ ಪಕ್ಕದಲ್ಲೇ, ಅದೇ ರಟ್ಟಿನಲ್ಲಿ, ಯಾರೂ ಕೇಳರಿಯದ ಹೊಸಬರು. ಪಿಗ್ಲಿಯಾಗೂ ಚಿನ್ನದ ಅಕ್ಷರವಿಲ್ಲ, ಹೊಸಬನಿಗೂ ತೆಳು ಕಾಗದವಿಲ್ಲ. ಹೊಸಬನಿಗೆ ಟೊಮೆಟೊ ಪೆಟ್ಟಿಗೆ ಸಿಕ್ಕರೆ ಪ್ರಸಿದ್ಧನಿಗೆ ಸಾಬೂನು ಪೆಟ್ಟಿಗೆ. ಪಟ್ಟಿ ಬೆಳೆದು ಇನ್ನೂರು ಶೀರ್ಷಿಕೆ ದಾಟಿತು. ಪ್ರಕಾಶನ ಸಹಕಾರಿ ಸಂಘವಾಗಿ, ಫುಟ್‌ಬಾಲ್ ಹುಚ್ಚಿನ ಲಾ ಬೋಕಾ ಬಡಾವಣೆಗೆ ಬಂತು. ಬೋಕಾ ಜೂನಿಯರ್ಸ್ ತಂಡದ ಕ್ರೀಡಾಂಗಣ ಅಲ್ಲಿಗೆ ಹತ್ತಿರ. ಪಂದ್ಯದ ದಿನ ಬೀದಿ ತುಂಬ ಹಳದಿ ನೀಲಿ ಅಂಗಿಗಳು, ಕಾರ್ಯಾಗಾರದ ಗೋಡೆಯ ತುಂಬ ಇನ್ನೆಲ್ಲ ಬಣ್ಣಗಳು.

2012ರಲ್ಲಿ ನೆದರ್ಲೆಂಡ್ಸ್‌ನ ಪ್ರಿನ್ಸ್ ಕ್ಲಾಸ್ ಪ್ರಶಸ್ತಿ ಬಂತು. ಸಾಹಿತ್ಯಕ್ಕೋ ಕಲೆಗೋ ಸಮಾಜಸೇವೆಗೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ.

ಲಿಮಾದ ಸರಿತಾ, ಸಾವೊ ಪೌಲೊದ ದುಲ್ಸಿನೇಯಾ

ಯಾರೂ ಪೇಟೆಂಟ್ ಮಾಡದ ವಿದ್ಯೆ ಬೇಗ ಹಬ್ಬುತ್ತದೆ. 2004ರಲ್ಲಿ ಪೆರುವಿನ ಲಿಮಾದಲ್ಲಿ ಸಾಹಿತ್ಯದ ವಿದ್ಯಾರ್ಥಿನಿಯರಾದ ಮಿಲಾಗ್ರೋಸ್ ಸಾಲ್ದಾರಿಯಾಗ, ತಾನ್ಯಾ ಸಿಲ್ವಾ ‘ಸರಿತಾ ಕಾರ್ತೊನೇರಾ’ ಕಟ್ಟಿದರು. ಸರಿತಾ ಕೊಲೋನಿಯಾ ಲಿಮಾದ ಬಡವರ ಮನೆದೇವತೆ. ಚರ್ಚು ಸಂತಳೆಂದು ಒಪ್ಪದಿದ್ದರೂ ಬಸ್ ಡ್ರೈವರುಗಳು ಪಟ ತೂಗುಹಾಕಿಕೊಳ್ಳುವ ಹೆಣ್ಣುಮಗಳು. ನಮ್ಮೂರ ಮಾರಮ್ಮನ ಹೆಸರಲ್ಲಿ ಪ್ರಕಾಶನ ತೆರೆದಂತೆ. ಇವರು ರಟ್ಟನ್ನು ಶಾಲೆಗಳಿಗೆ ಒಯ್ದರು. ಮಕ್ಕಳು ಒಂದು ಕಥೆ ಓದುತ್ತಾರೆ, ಅದಕ್ಕೆ ಉತ್ತರವಾಗಿ ತಾವೊಂದು ಬರೆಯುತ್ತಾರೆ, ಕೊನೆಗೆ ಅದನ್ನು ತಾವೇ ಪುಸ್ತಕ ಕಟ್ಟುತ್ತಾರೆ.

2006ರ ಸಾವೊ ಪೌಲೊ ಬಿನಾಲೆಯ ಆಶಯ ‘ಒಟ್ಟಿಗೆ ಬದುಕುವುದು ಹೇಗೆ’. ಎಲೋಯಿಸಾಕ್ಕೆ ಆಹ್ವಾನ ಹೋಯಿತು. ಜಗತ್ತಿನ ಘಟಾನುಘಟಿಗಳ ಕಲಾಕೃತಿಗಳ ನಡುವೆ ಕತ್ತರಿ, ಗೋಂದು, ಬಣ್ಣದ ಡಬ್ಬಿ ಹರಡಿಕೊಂಡು ಪುಸ್ತಕ ಮಾಡುತ್ತ ಕೂತರು. ಅಲ್ಲಿ ಜತೆಗೂಡಿದ ಬ್ರೆಜಿಲ್‌ನ ಕಲಾವಿದೆ ಲೂಸಿಯಾ ರೋಸಾ ಮರುವರ್ಷ ‘ದುಲ್ಸಿನೇಯಾ ಕತದೋರಾ’ ಆರಂಭಿಸಿದರು. ‘ಕತದೋರಾ’ ಎಂದರೆ ಕಸ ಆಯುವವಳು. ದುಲ್ಸಿನೇಯಾ ಡಾನ್ ಕಿಹೋಟೆಯ ಕನಸಿನ ರಾಣಿ. ಅದೇ ಹೆಸರಿನ ಒಬ್ಬ ಕಸ ಆಯುವ ಹೆಂಗಸೂ ಇದ್ದಳು!

ಹೆಸರುಗಳ ಮೋಜು ಮುಗಿಯುವುದಿಲ್ಲ. ಬೊಲಿವಿಯಾದ ಎಲ್ ಆಲ್ತೊ ನಗರದಲ್ಲಿ 2006ರಲ್ಲಿ ಹುಟ್ಟಿದ್ದು ‘ಯೆರ್ಬಾ ಮಾಲಾ’, ಅಂದರೆ ಕಳೆ. ಕಿತ್ತಷ್ಟೂ ಬೆಳೆಯುವುದು ಅದರ ಜಾಯಮಾನ. ಪರಾಗ್ವೆಯ ‘ಯೀಯೀ ಹಾಂಬೊ’ 2007ರದು. ಸ್ಪ್ಯಾನಿಷ್, ಪೋರ್ಚುಗೀಸ್, ಗ್ವಾರಾನಿ ಮೂರನ್ನೂ ಕಲಸಿದ ಗಡಿನಾಡಿನ ಕಂಗ್ಲಿಷ್‌ನಂಥ ಭಾಷೆಯಲ್ಲಿ ಬರೆದದ್ದನ್ನು ಅದು ಪ್ರಕಟಿಸಿತು. ವ್ಯಾಕರಣ ಪಂಡಿತರು ಹೌಹಾರುವ ಈ ಭಾಷೆಗೆ ದೊಡ್ಡ ಪ್ರಕಾಶನದಲ್ಲಿ ಜಾಗವೆಲ್ಲಿ? ಮೆಕ್ಸಿಕೊದ ಕುಯೆರ್ನವಾಕಾಗೆ 2008ರಲ್ಲಿ, ಅಟ್ಲಾಂಟಿಕ್ ದಾಟಿ ಆಫ್ರಿಕಾದ ಮೊಜಾಂಬಿಕ್‌ಗೆ 2010ರಲ್ಲಿ ರಟ್ಟು ತಲುಪಿತು. ಈವರೆಗೆ ಹುಟ್ಟಿದ ಇಂಥ ಪ್ರಕಾಶನಗಳ ಸಂಖ್ಯೆ ಇನ್ನೂರು ಮೀರುತ್ತದೆ. ಕೆಲವು ಒಂದೇ ವರ್ಷಕ್ಕೆ ಕಣ್ಣು ಮುಚ್ಚಿವೆ.

[ಬಾಕ್ಸ್] ಹೊತ್ತು ಮಾರಿದವರು, ಅಟ್ಟ ಹತ್ತಿದವರು

ಕನ್ನಡಕ್ಕೆ ಸಣ್ಣ ಪ್ರಕಾಶನ ಹೊಸತಲ್ಲ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರಬಂದ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಕೈಬರಹವೇ ಅದರ ಅಕ್ಷರ.

ಹಾವೇರಿ ಸೀಮೆಯ ಗಳಗನಾಥರು (1869–1942) ಕಾದಂಬರಿ ಬರೆದು, ಅಚ್ಚು ಹಾಕಿಸಿ, ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಜಿ.ಬಿ. ಜೋಶಿ 1933ರಲ್ಲಿ ಧಾರವಾಡದಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿ ನಡೆಯಿತು. ಅದರ ಕಚೇರಿಯಾದ ‘ಅಟ್ಟ’ದಿಂದಲೇ ಗಿರೀಶ ಕಾರ್ನಾಡರ ‘ಯಯಾತಿ’, ಅನಂತಮೂರ್ತಿಯವರ ‘ಸಂಸ್ಕಾರ’ ಬಂದವು. ಪುತ್ತೂರಿನ ಶಿವರಾಮ ಕಾರಂತರು ತಮ್ಮ ಹಲವು ಪುಸ್ತಕಗಳಿಗೆ ತಾವೇ ಪ್ರಕಾಶಕರು, ಮುಖಪುಟದ ಚಿತ್ರಕಾರರೂ ತಾವೇ.

ಬಡತನಕ್ಕೆ ಬಣ್ಣ ಬಳಿದರೇ?

ತಕರಾರುಗಳೂ ಇವೆ, ಇರಬೇಕಾದದ್ದೇ. ಸಾವಿರಾರು ಕಾರ್ತೊನೇರೊಗಳ ನಗರದಲ್ಲಿ ಒಂದು ಪುಟ್ಟ ಕಾರ್ಯಾಗಾರ ಎಷ್ಟು ಕಿಲೊ ರಟ್ಟು ಕೊಂಡೀತು? ಐದು ಪಟ್ಟು ಬೆಲೆ ಸಿಕ್ಕಿದ್ದು ಬೆರಳೆಣಿಕೆಯ ಜನಕ್ಕೆ. ಪುಸ್ತಕ ಕೊಂಡವರಲ್ಲಿ ಪ್ರವಾಸಿಗರು, ಸಂಗ್ರಾಹಕರು, ವಿದೇಶದ ಪ್ರಾಧ್ಯಾಪಕರು ಬಹಳ. ದಿವಾಳಿಯನ್ನು ನೆನಪಿನ ಕಾಣಿಕೆ ಮಾಡಿ ಮಾರುತ್ತಿದ್ದೀರಿ ಎಂದು ಚುಚ್ಚಿದವರುಂಟು. ಮುಖಪುಟ ಕಣ್ಣು ಕುಕ್ಕುವಾಗ ಒಳಗಿನ ಕವಿತೆಯನ್ನು ಯಾರು ಓದುತ್ತಾರೆ ಎಂಬ ಪ್ರಶ್ನೆ ಇನ್ನೂ ಮೊನಚು. ಸಂಭಾವನೆಯಿಲ್ಲದೆ ಬರೆದುಕೊಡುವುದು ಹೆಸರಾದವರಿಗೆ ಔದಾರ್ಯ, ಹೊಸಬರಿಗೆ ಅನಿವಾರ್ಯ.

ಈ ಮಾತುಗಳಲ್ಲಿ ಹುರುಳಿದೆ. ಆದರೆ ಕಾರ್ತೊನೇರಾವನ್ನು ಬಡತನ ನಿವಾರಣೆಯ ಯೋಜನೆಯೆಂದು ಅಳೆದರೆ ಅದು ಸೋಲುವುದು ಖಚಿತ. ಅದೊಂದು ಪ್ರಕಾಶನ. ಯಾವ ಸರಕಿನಿಂದ, ಯಾರ ಕೈಯಲ್ಲಿ, ಯಾವ ಬೆಲೆಗೆ ಪುಸ್ತಕ ಆಗುತ್ತದೆ ಎಂಬುದೂ ಬರವಣಿಗೆಯಷ್ಟೇ ಆಯ್ಕೆಯ ವಿಷಯ ಎಂದು ತೋರಿಸಿದ ಪ್ರಕಾಶನ. ದೊಡ್ಡ ಕಂಪನಿಯಲ್ಲಿ ಈ ಆಯ್ಕೆಗಳನ್ನು ಲೆಕ್ಕಪತ್ರ ವಿಭಾಗ ಮಾಡುತ್ತದೆ. ಇಲ್ಲಿ ಕವಿ, ಚಿತ್ರಗಾರ, ರಟ್ಟು ಆಯುವ ಹುಡುಗ ಒಂದೇ ಮೇಜಿನಲ್ಲಿ ಜಗಳವಾಡಿಕೊಂಡು ಮಾಡುತ್ತಾರೆ.

ಗುಜರಿಯಿಂದ ಗ್ರಂಥಾಲಯಕ್ಕೆ

ಅಮೆರಿಕದ ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯದ ಗ್ರಂಥಾಲಯ ಈ ಪುಸ್ತಕಗಳನ್ನು ಮೊದಲೇ ಗುರುತಿಸಿ ಸಂಗ್ರಹಿಸಿತು. 2009ರಲ್ಲಿ ಬೇರೆ ಬೇರೆ ದೇಶಗಳ ಕಾರ್ತೊನೇರಾಗಳನ್ನು ಒಂದೇ ಕಡೆ ಕೂಡಿಸಿದ ಸಮಾವೇಶವೂ ಅಲ್ಲೇ ನಡೆಯಿತು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲೂ ಈಗ ಒಂದು ಸಂಗ್ರಹವಿದೆ.

ಅಲ್ಲಿ ಶುರುವಾಯಿತು ಗ್ರಂಥಪಾಲಕರ ಫಜೀತಿ. ಪೆಟ್ಟಿಗೆಯ ರಟ್ಟಿನಲ್ಲಿ ಆಮ್ಲದ ಅಂಶವಿರುತ್ತದೆ, ದಿನ ಕಳೆದಂತೆ ಅದು ಹಳದಿಗಟ್ಟಿ ಪುಡಿಯಾಗುತ್ತದೆ. ಬಣ್ಣ ಚಕ್ಕೆಯೇಳುತ್ತದೆ, ಪಿನ್ನು ತುಕ್ಕು ಹಿಡಿಯುತ್ತದೆ. ಬೀದಿಯ ರಟ್ಟಿನ ಜತೆ ಹುಳ ಬಂದರೆ ಪಕ್ಕದ ಪುಸ್ತಕಕ್ಕೂ ಅಪಾಯ. ಕ್ಯಾಟಲಾಗ್ ಬರೆಯುವವರದು ಬೇರೆಯೇ ಕಷ್ಟ. ಒಂದು ಶೀರ್ಷಿಕೆಗೆ ಒಂದು ಪ್ರತಿ ಸಾಕು ಎಂಬುದು ಗ್ರಂಥಾಲಯದ ಸಾಮಾನ್ಯ ನೇಮ. ಪ್ರತಿಯೊಂದು ಪ್ರತಿಯೂ ಬೇರೆ ಚಿತ್ರವಾದರೆ ಯಾವುದನ್ನು ಇಡುವುದು, ಯಾವುದನ್ನು ಬಿಡುವುದು? ಕೊನೆಗೆ ಈ ಪುಸ್ತಕಗಳನ್ನು ಕಾಪಾಡಲು ಸಿಕ್ಕ ಉಪಾಯ ಆಮ್ಲರಹಿತ ಪೆಟ್ಟಿಗೆ. ಆ ಪೆಟ್ಟಿಗೆಯೂ ರಟ್ಟಿನದೇ!

ಓದಿ ಮುಗಿಸಿದವರು ಹಿಂದಿನ ರಕ್ಷಾಪುಟವನ್ನು ಒಮ್ಮೆ ತೆರೆದು ನೋಡಬೇಕು. ಹೊರಮೈಗೆ ಬಳಿದ ಬಣ್ಣ ಎಷ್ಟೋ ಪುಸ್ತಕಗಳಲ್ಲಿ ಒಳಮೈಗೆ ತಲುಪಿರುವುದಿಲ್ಲ. ಪೆಟ್ಟಿಗೆಯ ಹಳೆಯ ಅಚ್ಚು ಅಲ್ಲಿ ಹಾಗೇ ಉಳಿದಿರುತ್ತದೆ. ಅಡುಗೆ ಎಣ್ಣೆಯ ಬ್ರಾಂಡೊಂದರ ಅರ್ಧ ಹೆಸರು, ಡಜನ್ ಲೆಕ್ಕ, ಕತ್ತರಿಗೆ ಸಿಕ್ಕಿ ತುಂಡಾದ ಬಾಣದ ಗುರುತು, ಅದರ ಕೆಳಗೆ ‘ಈ ಭಾಗ ಮೇಲಿರಲಿ’ ಎಂಬ ಸೂಚನೆ, ತಲೆಕೆಳಗಾಗಿ.